ನಾಯಿ ಬೊಗಳಿದರೆ ಎದ್ದು ನೋಡುವ ಮನೆ

ನಮ್ಮ ಮನೆಯಲ್ಲಿ ನಾಯಿ ಬೊಗಳಿದರೆ ಯಾರಾದರೊಬ್ಬರು ಎದ್ದು ಹೋಗಿ ನೋಡಲೇಬೇಕಿತ್ತು. ಉಣ್ಣುತ್ತಿದ್ದರೆ ತಾಟು ಸರಿಸಿ ಏಳಬೇಕು. ರೊಟ್ಟಿ ಬಡಿಯುತ್ತಿದ್ದರೆ ಹಂಚಿನ ಮೇಲಿನದು ಸುಟ್ಟು ಕರಕಾದರೂ ಸರಿ, ಏಳಬೇಕು. ಅಪ್ಪ ಪೂಜೆಗೆ ಕುಳಿತಿದ್ದರೆ ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಹಿತ್ತಲ ಬಾಗಿಲ ತನಕ ಹೋಗಿ ಇಣುಕಿ ಬರುತ್ತಿದ್ದ. ಹೋದವರು ಸುಮ್ಮನೆ ಬಂದು ಕೂಡುವಂತಿರಲಿಲ್ಲ, ಏನಿತ್ತೆಂದು ಹೇಳಬೇಕು. ಅಪ್ಪನ ಅವ್ವ, ನಮ್ಮ ಆಯಿ, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಸವಣೂರಿನ ಎಲೆ ಮೆಲ್ಲುತ್ತ ಕುಳಿತಲ್ಲಿಂದಲೇ ಕೇಳುತ್ತಿದ್ದಳು.

“ಏನಿತ್ತ?”

“ಏನಿಲ್ಲ ಆಯಿ. ಬಂಕಾಪುರದ ಕಡಿಂದ ನವಿಲು ಬಂದಾವ.”

“ಬರೇ ನವಿಲ ಹೌದಿಲ್ಲೋ? ಬಗ್ಗಿ ನೋಡಿದೇನ?”

“ನೋಡೇನಿ.”

ಆಮೇಲೆಯೇ ಉಳಿದವರು ನಿಲ್ಲಿಸಿದ ತುತ್ತನ್ನು ಬಾಯಿಗಿಡುತ್ತಿದ್ದರು. ಎಲ್ಲರ ಮನೆಯೂ ಹೀಗೇ ಇರುತ್ತದೆಂದು ನಾನು ತಿಳಿದಿದ್ದೆ. ಒಮ್ಮೆ ಗೆಳತಿಯ ಮನೆಯಲ್ಲಿ ಮಂಡಕ್ಕಿ ತಿನ್ನುತ್ತ ಕುಳಿತಾಗ ಅವರ ನಾಯಿ ಬೊಗಳಿತು. ನಾನು ದಡಕ್ಕನೆ ಎದ್ದು ನಿಂತೆ. ಅವಳ ಅವ್ವ ಕೂತಲ್ಲಿಂದಲೇ ಚಪ್ಪಲಿ ಎಸೆದು, “ಹಚಾ, ಸುಮ್ನ ಬೀಳ” ಎಂದಳು. ನಿಂತವಳು ನಾನೊಬ್ಬಳೇ. ಅವರೆಲ್ಲ ನಕ್ಕರು, ನನಗೆ ಅಳು ಬಂತು, ಮಂಡಕ್ಕಿ ಬಿಟ್ಟು ಮನೆಗೆ ಓಡಿದೆ.

ಮುಂದೆ ನಾನು ಕನ್ನಡ ಶಾಲೆಯ ಅಕ್ಕೋರಾದೆ. ಹಾನಗಲ್ಲು, ಹಿರೇಕೆರೂರು, ಸವಣೂರು ಎಂದು ವರ್ಗವಾದಲ್ಲೆಲ್ಲ ಮಕ್ಕಳಿಗೆ ಗಾದೆಗಳನ್ನು ಬಾಯಿಪಾಠ ಮಾಡಿಸಿದೆ. ‘ನಾಯಿ ಬೊಗಳಿದರೆ ದೇವಲೋಕ ಹಾಳೇ’ ಎಂಬ ಗಾದೆಯೊಂದನ್ನು ಮಾತ್ರ ಎಂದೂ ಹೇಳಿಕೊಡಲಿಲ್ಲ. ದೇವಲೋಕದ ಸುದ್ದಿ ನನಗೆ ತಿಳಿಯದು. ನಾಯಿ ಬೊಗಳಿದಾಗ ಯಾರೂ ಏಳದೆ ಹಾಳಾದ ಒಂದು ಮನೆಯನ್ನು ಬಲ್ಲೆ. ನಾನು ಹುಟ್ಟಿದ್ದೇ ಆ ಮನೆಯಲ್ಲಿ.

ಈಗ ಶಿಗ್ಗಾವಿಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡು ಅವ್ವನ ಜೊತೆ ಇದ್ದೇನೆ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂಡಲಾಗದೆ ಮಕ್ಕಳಿಗೊಂದು ಪುಸ್ತಕ ಬರೆಯಲು ಹೊರಟೆ. ಒಂದು ಹುಡುಗಿ, ಒಂದು ನಾಯಿ, ಅವರ ಗೆಳೆತನ. ನೀರು ಕುಡಿದಷ್ಟು ಸಲೀಸೆಂದುಕೊಂಡಿದ್ದೆ. ಹುಡುಗಿಯ ಹೆಸರು ಪುಟ್ಟಿ ಎಂದಿಟ್ಟೆ, ನಾಯಿಗೆ ನಮ್ಮ ನಾಯಿಯದೇ ಹೆಸರಿಟ್ಟೆ, ಮೋತ್ಯಾ. ಇಬ್ಬರೂ ಹಿತ್ತಲಿನಲ್ಲಿ ಓಡಾಡಿದರು, ಬೆಲ್ಲ ಹಂಚಿಕೊಂಡರು, ಜಗಳಾಡಿದರು. ಆಮೇಲೆ ಒಂದು ದಿನ ಮೋತ್ಯಾ ಬೊಗಳಿದ. ಅಲ್ಲಿಗೆ ನನ್ನ ಕೈ ನಿಂತಿತು. ಪ್ರಕಾಶನದ ಹುಡುಗಿ ಫೋನು ಮಾಡಿದಾಗಲೆಲ್ಲ, “ಅಕ್ಕೋರ, ನಾಯಿ ಬೊಗಳ್ತಲ್ರಿ, ಮುಂದ ಏನಾತು?” ಎಂದು ಕೇಳುತ್ತಿದ್ದಳು. ಮುಂದೇನಾಯಿತೆಂದು ನನಗೆ ಗೊತ್ತಿತ್ತು, ಅದೇ ತೊಂದರೆ. ಆ ಪುಟ್ಟಿ ನಾನಲ್ಲ. ಅವಳ ಕಥೆಯನ್ನು ಅವ್ವನಿಗೆ ಓದಿ ಹೇಳದೆ ಅಚ್ಚಿಗೆ ಕೊಟ್ಟರೆ ಕಳ್ಳತನ ಮಾಡಿದಂತೆ. ಓದಿ ಹೇಳಿದರೆ, ಈ ವಯಸ್ಸಿನಲ್ಲಿ, ಅವ್ವ ಉಳಿಯುತ್ತಾಳೋ ಇಲ್ಲವೋ ಎಂಬ ಹೆದರಿಕೆಯಿತ್ತು.

ಆ ಮನೆ ಹಾನಗಲ್ಲಿನ ದಾರಿಯಿಂದ ಒಳಕ್ಕೆ ಹೊರಳಿದ ಹಳ್ಳಿಯೊಂದರಲ್ಲಿತ್ತು. ತಲಬಾಗಿಲು ದಾಟಿದರೆ ದನದ ಕೊಟ್ಟಿಗೆ, ಅದಕ್ಕಿಂತ ಮೊಳಕಾಲೆತ್ತರದಲ್ಲಿ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಎಲ್ಲದರ ಕೊನೆಗೆ ಹಿತ್ತಲು. ಮನೆ ಉದ್ದಕ್ಕಿತ್ತು, ಕತ್ತಲೆಯಿತ್ತು, ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ತುಂಡೊಂದು ಹೊತ್ತಿಗೆ ತಕ್ಕಂತೆ ನೆಲದ ಮೇಲೆ ಸರಿಯುತ್ತಿತ್ತು. ಹಿತ್ತಲಿನಲ್ಲಿ ಮನುಷ್ಯರು ಕೂಗಿದರೆ ಪಡಸಾಲೆಗೆ ಕೇಳುತ್ತಿರಲಿಲ್ಲ. ನಾಯಿಯ ದನಿಯೊಂದು ಕೇಳುತ್ತಿತ್ತು. ಹಿತ್ತಲಿನ ನಡುವೆ, ಬಾವಿಗೂ ಬಣವೆಗೂ ಮಧ್ಯೆ, ಒಂದು ಹಳೆಯ ಒರಳುಕಲ್ಲು ಕವುಚಿ ಬಿದ್ದಿತ್ತು. ಅದರಲ್ಲಿ ಯಾರೂ ಏನೂ ರುಬ್ಬುತ್ತಿರಲಿಲ್ಲ. ಮೋತ್ಯಾ ಮಲಗುವುದು ಅದಕ್ಕೆ ಒತ್ತಿಕೊಂಡೇ. ಬಿಸಿಲಿರಲಿ, ಜಿಟಿಜಿಟಿ ಮಳೆಯಿರಲಿ, ಕೊಟ್ಟಿಗೆಯಲ್ಲಿ ಬೆಚ್ಚಗೆ ಹುಲ್ಲು ಹಾಸಿ ಕರೆದರೂ ಬರುತ್ತಿರಲಿಲ್ಲ.

ಕಂದು ಬಣ್ಣದ, ಒಂದು ಕಿವಿ ಮಡಿಚಿದ ಸಾದಾ ಊರನಾಯಿ ಅದು. ಆದರೆ ಮನೆಯ ಮೊದಲ ರೊಟ್ಟಿ ಅದರದು. ಅಪ್ಪ ಹೊಲಕ್ಕೆ ಹೋಗುವ ಗಡಿಬಿಡಿಯಲ್ಲಿದ್ದರೂ ಸರಿ, ನಾನು ಹಸಿದು ಕುಣಿಯುತ್ತಿದ್ದರೂ ಸರಿ, ಅವ್ವ ಮೊದಲ ರೊಟ್ಟಿಯನ್ನು ಆರಿಸಿ, ಮುರಿದು, ಹಾಲಿನಲ್ಲಿ ಕಲಸಿ ಹಿತ್ತಲಿಗೆ ಒಯ್ಯುತ್ತಿದ್ದಳು. ಅದು ತಿನ್ನುವ ತನಕ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಿದ್ದಳು. ನಾನು ಮೋತ್ಯಾನನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದೆ. ಶಾಲೆಯಲ್ಲಿ ‘ನನ್ನ ನಾಯಿ’ ಎಂದು ಜಂಬ ಕೊಚ್ಚುತ್ತಿದ್ದೆ. ನನ್ನ ಪಾಲಿನ ಬೆಣ್ಣೆಯನ್ನು ಅಂಗೈಯಲ್ಲಿಟ್ಟು ನೆಕ್ಕಿಸುತ್ತಿದ್ದೆ. ಅವನು ನೆಕ್ಕುತ್ತಿದ್ದ, ಬಾಲ ಆಡಿಸುತ್ತಿದ್ದ, ಮತ್ತೆ ತನ್ನ ಕಲ್ಲಿನ ಹತ್ತಿರ ಹೋಗಿ ಮಲಗುತ್ತಿದ್ದ. ನಾನು ಕಲ್ಲಿನ ಕಡೆ ಹೋದರೆ ಮಾತ್ರ ಧಡಪಡಿಸಿ ಏಳುತ್ತಿದ್ದ. ಫ್ರಾಕಿನ ಅಂಚನ್ನು ಹಲ್ಲಿನಲ್ಲಿ ಹಿಡಿದು ಅಡುಗೆಮನೆಯ ಬಾಗಿಲ ತನಕ ನನ್ನನ್ನು ಜಗ್ಗಿಕೊಂಡು ಬರುತ್ತಿದ್ದ. ನಾನು ಕಿಲಕಿಲ ನಗುತ್ತಿದ್ದೆ, ಬೇಕೆಂದೇ ಮತ್ತೆ ಹೋಗುತ್ತಿದ್ದೆ. ಅದು ನಮ್ಮಿಬ್ಬರ ಆಟವೆಂದು ತಿಳಿದಿದ್ದೆ. ನನ್ನ ಎಲ್ಲ ಫ್ರಾಕುಗಳ ಅಂಚೂ ಹರಿದಿದ್ದವು, ಅವ್ವ ಒಂದು ದಿನವೂ ಬೈಯಲಿಲ್ಲ.

ಮನೆಯಲ್ಲಿ ಇನ್ನೊಂದು ವಸ್ತುವಿತ್ತು. ನಡುಮನೆಯ ಟ್ರಂಕಿನಲ್ಲಿ ಹಸಿರು ಖಣದ ಒಂದು ಪುಟ್ಟ ಪರಕಾರ, ಸಣ್ಣ ಹುಡುಗಿಯರು ಉಡುವ ಲಂಗ. ಹಬ್ಬ ಬಂದಾಗೊಮ್ಮೆ ಅವ್ವ ಅದನ್ನು ಹೊರಗೆ ತೆಗೆದು ನನ್ನ ಸೊಂಟಕ್ಕೆ ಹಿಡಿದು ಅಳತೆ ನೋಡಿ, ಉಡಿಸದೆ, ಮತ್ತೆ ಮಡಿಚಿಡುತ್ತಿದ್ದಳು. ಮೊದಮೊದಲು ಅದು ನನ್ನ ಪಾದ ಮುಚ್ಚುತ್ತಿತ್ತು. ಒಂದು ದೀಪಾವಳಿಗೆ ಅದು ನನ್ನ ಮೊಳಕಾಲಿನ ಮೇಲೆ ನಿಂತಿತು. ಅವ್ವ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು, ಯಾರದೋ ಮನೆಯ ಹುಡುಗಿ ಬಂದು ನಿಂತಂತೆ. ಆಮೇಲೆ ಟ್ರಂಕಿಗೆ ಕೀಲಿ ಹಾಕಿದಳು. ಅಂದು ಹೋಳಿಗೆ ನನಗೆ ಸೇರಲಿಲ್ಲ. ನಾನು ಬೆಳೆದದ್ದು ಏನೋ ತಪ್ಪಾಯಿತೆಂದು ಮಾತ್ರ ತಿಳಿಯಿತು, ಏನೆಂದು ತಿಳಿಯಲಿಲ್ಲ.

ನಮ್ಮ ಮನೆದೇವರು ಮೈಲಾರಲಿಂಗ. ಅವನ ಒಕ್ಕಲಾದ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಳ್ಳುವವರು. ಕರಿಯ ಕಂಬಳಿ ಹೊದ್ದು, ಡಮರು ಬಾರಿಸುತ್ತ ಮನೆಗೆ ಬರುತ್ತಾರೆ. ಅವರ ಕೈಯಲ್ಲಿ ದೋಣಿ ಎಂಬ ಕಟ್ಟಿಗೆಯ ಬಟ್ಟಲಿರುತ್ತದೆ. ಹರಕೆ ಹೊತ್ತ ಮನೆಯವರು ಆ ದೋಣಿಗಳನ್ನು ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪದಿಂದ ತುಂಬಿಸಬೇಕು. ಗೊರವರು ನಾಲ್ಕು ಕಾಲಿನ ಮೇಲೆ ಕುಳಿತು, ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ, ಬಾಯಿಯಿಂದಲೇ ಅದನ್ನು ತಿಂದು ಮುಗಿಸುತ್ತಾರೆ. ಊರಿನ ಬೇರೆ ಮನೆಗಳಲ್ಲಿ ಇದನ್ನು ನೋಡಿ ನಾನು ಕುಣಿದಾಡಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ದೋಣಿ ತುಂಬಿಸುತ್ತಿರಲಿಲ್ಲ. ಗೊರವರು ಬಂದರೆ ಆಯಿ ಬೀದಿಯಲ್ಲೇ ತಡೆದು, ಮೊರದ ತುಂಬ ಜೋಳ ನೀಡಿ, ಕೈ ಮುಗಿಯುತ್ತಿದ್ದಳು.

“ಬೊಗಳಬ್ಯಾಡ್ರಿ ನನ್ನಪ್ಪಗಳಿರಾ. ನಮ್ಮ ಮನಿ ಮುಂದ ಬೊಗಳಬ್ಯಾಡ್ರಿ.”

ಅವರಿಗೂ ಗೊತ್ತಿತ್ತು. ಸದ್ದಿಲ್ಲದೆ ಹಣೆಗೆ ಅರಿಸಿನದ ಭಂಡಾರ ಹಚ್ಚಿ ಮುಂದೆ ಹೋಗುತ್ತಿದ್ದರು.

ನಾನು ಕನ್ನಡ ಶಾಲೆಯ ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ, ನಮ್ಮ ಊರಿಗೆ ಹೊಸಬನಾದ ಮುದುಕ ಗೊರವನೊಬ್ಬ ಬಂದ. ಆಯಿಗೆ ಆಗ ಕಿವಿ ಮಂದವಾಗಿತ್ತು, ಕಂಬಕ್ಕೊರಗಿ ತೂಕಡಿಸುತ್ತಿದ್ದಳು. ಅವನು ದೋಣಿಯನ್ನು ಪಡಸಾಲೆಯ ಅಂಚಿನಲ್ಲಿಟ್ಟು, ಡಮರು ಬಾರಿಸಿ, ಮುಖ ಮೇಲೆತ್ತಿ ಬೊಗಳಿದ. ಎಷ್ಟು ಚೆಂದ ಬೊಗಳಿದನೆಂದರೆ ಕೊಟ್ಟಿಗೆಯ ಎತ್ತುಗಳು ಹಗ್ಗ ಜಗ್ಗಿದವು. ನಾನು ಚಪ್ಪಾಳೆ ತಟ್ಟಿದೆ. ಅವ್ವನನ್ನು ಕರೆಯಲೆಂದು ಅಡುಗೆಮನೆಗೆ ಓಡಿದಾಗ, ಹಿತ್ತಲಿನಿಂದ ಮೋತ್ಯಾ ಒಳಗೆ ಬಂದಿದ್ದ. ಮುದಿಯಾಗಿದ್ದ, ಕಣ್ಣು ಪೊರೆಗಟ್ಟಿದ್ದವು, ಅಡುಗೆಮನೆಯ ಹೊಸ್ತಿಲನ್ನು ಅವನು ದಾಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೆಟ್ಟಗೆ ಒಲೆಯ ಮುಂದೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಅವ್ವನ ಸೆರಗನ್ನು ಹಲ್ಲಿನಲ್ಲಿ ಹಿಡಿದು ಜಗ್ಗಿದ.

ಅವ್ವನ ಬಾಯಿಂದ ಅಂಥ ದನಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಬಂದೆ! ಬಂದ್ನೆವ್ವಾ, ಎದ್ದೇನಿ, ಬಂದೆ ನೀಲಾ!”

ಕೈಗೆ ಹಿಟ್ಟು ಮೆತ್ತಿದಂತೆಯೇ ಹಿತ್ತಲಿಗೆ ಓಡಿದಳು. ಒರಳುಕಲ್ಲಿನ ಮುಂದೆ ಮೊಳಕಾಲೂರಿ ಅದನ್ನು ದೂಡತೊಡಗಿದಳು. ಇಬ್ಬರು ಗಂಡಸರು ಸೇರಿದರೆ ಅಲುಗುವ ಕಲ್ಲು ಅದು. ಅದು ಸರಿಯದಿದ್ದಾಗ ಅದರ ಬುಡದ ಮಣ್ಣನ್ನು ಉಗುರಿನಿಂದ ತೋಡಿದಳು. ಹಿಟ್ಟು, ಮಣ್ಣು, ರಕ್ತ ಒಂದಾದವು. ನಾನು ಹತ್ತಿರ ಹೋಗಲು ನೋಡಿದೆ, ಮೋತ್ಯಾ ನನ್ನ ಫ್ರಾಕು ಹಿಡಿದು ಹಿಂದಕ್ಕೆ ಜಗ್ಗಿದ. ಆಗ ಮೊದಲ ಸಲ ಅದು ಆಟವಲ್ಲವೆಂದು ನನಗೆ ಗೊತ್ತಾಯಿತು. ಕೊಟ್ಟಿಗೆಯಿಂದ ಓಡಿಬಂದ ಅಪ್ಪ ಅವ್ವನನ್ನು ಎರಡೂ ತೋಳಿನಲ್ಲಿ ಹಿಡಿದೆತ್ತಿದ. ಆಯಿ ಗೋಡೆ ಹಿಡಿಯುತ್ತ ಬಾಗಿಲ ತನಕ ಬಂದು ನಿಂತಿದ್ದಳು.

“ಏನಿತ್ತೋ ಶಂಕ್ರಪ್ಪಾ?”

ಅಪ್ಪ ಅವ್ವನ ಕೈಯ ಮಣ್ಣು ಒರೆಸಿದ. ಆಮೇಲೆ, “ಏನಿಲ್ಲವ್ವಾ” ಎಂದ.

ಬೀದಿಯಲ್ಲಿ ನೆರೆಯವರು ಗೊರವನಿಗೆ ಸಂಗತಿ ತಿಳಿಸಿರಬೇಕು. ನಾವು ಹೊರಗೆ ಬಂದಾಗ ಅವನು ಇರಲಿಲ್ಲ. ಹೊಸ್ತಿಲ ಮೇಲೆ ಒಂದು ಹಿಡಿ ಭಂಡಾರ ಇತ್ತು, ಗೊರವರಿಗೆಂದು ಮೊರದಲ್ಲಿ ತೆಗೆದಿಟ್ಟಿದ್ದ ಜೋಳವನ್ನು ಅವನು ಮುಟ್ಟಿರಲಿಲ್ಲ.

ಅಂದು ಸಂಜೆ ಅಪ್ಪ ದನಗಳಿಗೆ ಕಣಿಕೆ ಹಾಕುತ್ತ, ನನ್ನ ಮುಖ ನೋಡದೆ, ನನಗೆ ಹೇಳಿದ.

“ನಿನಗಿಂತ ಮೊದಲ ಇನ್ನೊಬ್ಬಾಕಿ ಇದ್ಲು ತಿಪ್ಪವ್ವ. ನಿಮ್ಮಕ್ಕ. ನೀಲವ್ವ. ಮೋತ್ಯಾ ಆಕಿ ನಾಯಿ. ಆಕೀನ ಹೊಲದಿಂದ ಉಡ್ಯಾಗ ಹಾಕ್ಕೊಂಡ ಬಂದಿದ್ಲು.”

ಆ ಕಾಲಕ್ಕೆ ಹಿತ್ತಲಿನಲ್ಲಿ ನಮ್ಮದೊಂದು ಹಗೇವು ಇತ್ತು. ನೆಲದಲ್ಲಿ ಆಳಕ್ಕೆ ತೋಡಿ ಜೋಳ ತುಂಬಿಡುವ ಕುಣಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ವರ್ಷಗಟ್ಟಲೆ ಮುಚ್ಚಿಟ್ಟ ಹಗೇವನ್ನು ತೆರೆದರೆ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರೂ ಇಳಿಯಬಾರದು, ಇಳಿಸಿದ ಕಂದೀಲು ಕೂಡ ಆರುತ್ತದೆ. ಮನೆಯಲ್ಲಿ ದೋಣಿ ತುಂಬಿಸುವ ದಿನ. ಊರಿಗೆಲ್ಲ ಊಟ. ಜೋಳಕ್ಕೆಂದು ಬೆಳಿಗ್ಗೆ ಹಗೇವು ತೆರೆದು, ಗಾಳಿಯಾಡಲೆಂದು ಮುಚ್ಚಳ ಹಾಕದೆ, ಬಾಯಿಗೆ ಒಂದು ಚಾಪೆಯನ್ನಷ್ಟೇ ಹಾಸಿ ಬಂದಿದ್ದರು. ಗೊರವರು ಪಡಸಾಲೆಯಲ್ಲಿ ಕುಳಿತು ಬೊಗಳುತ್ತಿದ್ದರು. ಹಿತ್ತಲಿನಲ್ಲಿ ಮೋತ್ಯಾನೂ ಬೊಗಳತೊಡಗಿದ. ಎಲ್ಲರೂ ಕೇಳಿದರು, ಎಲ್ಲರೂ ನಕ್ಕರು. ಆಯಿ ಭಕ್ತಿಯಿಂದ ಕಣ್ಣೊರೆಸಿಕೊಂಡಳಂತೆ.

“ದೇವರ ನಾಯಿ ದನಿ ಕೇಳಿ ನಮ್ಮ ನಾಯಿಗೂ ಮೈದುಂಬೈತಿ ನೋಡ್ರಿ!”

ಮೋತ್ಯಾ ಓಡಿ ಬಂದ. ಅವ್ವ ಗೊರವರ ಮುಂದೆ ಕುಳಿತು ದೋಣಿಗೆ ಹಾಲು ಸುರಿಯುತ್ತಿದ್ದಳು. ಅವಳ ಸೆರಗು ಹಿಡಿದು ಜಗ್ಗಿದ. ಅವ್ವ ಅರ್ಧ ಎದ್ದಳು. ದೋಣಿ ತುಂಬಿಸುವವಳು ಅದು ಬರಿದಾಗುವ ತನಕ ಏಳಬಾರದೆಂಬುದು ನಮ್ಮ ಮನೆತನದ ಕಟ್ಟಳೆ. ಆಯಿ ಅವಳ ಭುಜ ಒತ್ತಿದಳು.

“ಕುಂದ್ರ ಶಾಂತವ್ವ. ಈಗ ಏಳಬಾರದು.”

ಅವ್ವ ಕುಳಿತಳು. ಮೋತ್ಯಾ ಹಿತ್ತಲಿಗೆ ಮರಳಿ ಹೋಗಿ ಬೊಗಳಿದ, ಬೊಗಳಿಯೇ ಬೊಗಳಿದ. ದೋಣಿಗಳು ಬರಿದಾದ ಮೇಲೆ ಎಲ್ಲರೂ ಎದ್ದರು. ಹಗೇವಿನ ಬಾಯಿಯ ಮೇಲೆ ಚಾಪೆ ಇರಲಿಲ್ಲ. ಆಮೇಲೆ ಆ ಬಾಯಿಯನ್ನು ಮುಚ್ಚಿ ಮೇಲೆ ಕವುಚಿದ್ದೇ ಆ ಒರಳುಕಲ್ಲು.

“ಯಾರದೂ ತಪ್ಪಿಲ್ಲವಾ” ಎಂದ ಅಪ್ಪ. “ದೇವರ ಕೆಲಸ ಮಾಡಾಕತ್ತಿದ್ವಿ.” ಅಷ್ಟು ಹೇಳಿ ಎತ್ತಿನ ಬೆನ್ನಿನ ಮೇಲೆ ಹಣೆ ಊರಿ ನಿಂತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಂದಿನಿಂದ ನನ್ನ ಬಾಲ್ಯ ಬೇರೆಯಾಯಿತು. ಮನೆಯಲ್ಲಿ ನಾನೊಬ್ಬಳೇ ಮಗಳೆಂದು ತಿಳಿದವಳಿಗೆ, ನನ್ನ ಜಾಗದಲ್ಲಿ ಮೊದಲೇ ಯಾರೋ ಕುಳಿತಿದ್ದಾರೆಂದು ಗೊತ್ತಾಯಿತು. ನಾನು ಹುಟ್ಟಿದ ಕೂಡಲೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡಿದ್ದರು, ಬೇಡದ ಕೂಸೆಂದು ತಿಳಿದು ಸಾವು ಮುಂದೆ ಹೋಗಲೆಂದು. ಅದಕ್ಕೇ ನಾನು ತಿಪ್ಪವ್ವ. ಹುಲಗೂರಿನ ದರ್ಗಾಕ್ಕೂ ಹೋಗಿ ಸಕ್ಕರೆ ಓದಿಸಿಕೊಂಡು ಬಂದಿದ್ದರು. ಎಲ್ಲಕ್ಕಿಂತ ಮೊದಲು ಆಯಿ ನನ್ನನ್ನು ಒಯ್ದು ಮೋತ್ಯಾನ ಮುಂದೆ ಮಲಗಿಸಿ, “ಇದನ್ನರ ಕಾಯೋ ನನ್ನಪ್ಪ. ಇನ್ನ ನೀ ಹೇಳಿದ್ದ ಕೇಳ್ತೇವಿ” ಎಂದಿದ್ದಳಂತೆ. ಅವನು ಕಾಯ್ದ. ಆದರೆ ಅವನು ನನ್ನ ಗೆಳೆಯನಾಗಿರಲಿಲ್ಲ. ಅವನ ಗೆಳತಿ ಆ ಕಲ್ಲಿನ ಕೆಳಗಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸತ್ತವಳ ಮೇಲೆ, ಅದೂ ಸ್ವಂತ ಅಕ್ಕನ ಮೇಲೆ. ಹಿತ್ತಲಿಗೆ ಹೋಗಿ ಅವನ ಬದಿಗೆ ಮಲಗಿ, “ನನ್ನನ್ನ ನೋಡೋ, ನಾ ತಿಪ್ಪಿ” ಎಂದು ಅತ್ತೆ. ಅವನು ಎದ್ದು ನನ್ನ ಫ್ರಾಕಿನ ಅಂಚು ಹಿಡಿದು ಬಾಗಿಲ ತನಕ ಬಿಟ್ಟು ಹೋದ.

ಮರುವರ್ಷ ಒಂದು ಬೆಳಿಗ್ಗೆ ಮೊದಲ ರೊಟ್ಟಿ ಹಾಗೇ ಉಳಿಯಿತು. ಅವ್ವ ಅಳಲಿಲ್ಲ. ಟ್ರಂಕು ತೆರೆದು ಹಸಿರು ಪರಕಾರ ತಂದು ಅವನಿಗೆ ಸುತ್ತಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಒರಳುಕಲ್ಲಿನ ಪಕ್ಕದಲ್ಲೇ ತೋಡಿದ. ಆಮೇಲೆ ಬೀದಿಯ ಯಾವ ನಾಯಿ ಬೊಗಳಿದರೂ ನಮ್ಮ ಮನೆಯವರು ಏಳುತ್ತಿದ್ದರು, ಊರವರು ನಮಗೆ ಹುಚ್ಚೆಂದರು.

ಅತ್ತೆ ಸೊಸೆ ಒಂದೇ ಗಡಿಗೆಯ ಅಂಬಲಿ ಕುಡಿದು ಬಾಳಿದರು. ಆಯಿ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ಮೊಳಕಾಲು ಹಿಡಿದುಕೊಂಡ ಮೇಲೂ ನಾಯಿಯ ದನಿ ಕಿವಿಗೆ ಬಿದ್ದರೆ ಗೋಡೆ ಹಿಡಿದು ಏಳುತ್ತಿದ್ದಳು, ಏಳಲಾಗದಿದ್ದರೆ ತೆವಳುತ್ತಿದ್ದಳು. ಅವ್ವ ನೋಡುತ್ತ ನಿಲ್ಲುತ್ತಿದ್ದಳು. ಬೇಡವೆನ್ನುತ್ತಿರಲಿಲ್ಲ. ಅದು ಬಹಳ ಕ್ರೂರವೆಂದು ನನಗೆ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಆಯಿ ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಒಮ್ಮೆ ಎಲ್ಲೋ ನಾಯಿ ಬೊಗಳಿತು. ಆಯಿ ತಲೆ ಎತ್ತಿದಳು. ಅವ್ವ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟಳು.

“ಕುಂದರ್ರಿ ಅತ್ತಿ. ನಾ ನೋಡಿ ಬರ್ತೇನಿ.”

ಆಯಿ ಅವ್ವನ ಕೈ ಹಿಡಿದುಕೊಂಡು ಮಗುವಿನಂತೆ ಅತ್ತಳು. ಆದರೂ ನೀಲವ್ವನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಗೊರವ ಬೊಗಳಿದ ಆ ಮಧ್ಯಾಹ್ನ ಬಿಟ್ಟರೆ ಅವ್ವನ ಬಾಯಲ್ಲಿ ಆ ಹೆಸರು ಮತ್ತೆ ಬರಲೇ ಇಲ್ಲ.

ಹೋದ ವಾರ ಧೈರ್ಯ ಮಾಡಿದೆ. ಅವ್ವ ಕಿಟಕಿಯ ಬಿಸಿಲಿಗೆ ಕುಳಿತು ಹೂಬತ್ತಿ ಹೊಸೆಯುತ್ತಿದ್ದಳು. ಮಕ್ಕಳ ಪುಸ್ತಕವೊಂದನ್ನು ಬರೆದಿದ್ದೇನೆ, ಓದುತ್ತೇನೆ ಎಂದೆ. ಹೂಂ ಎಂದಳು. ಪುಟ್ಟಿ ನಾಯಿಮರಿಯನ್ನು ಉಡಿಯಲ್ಲಿ ಹಾಕಿಕೊಂಡು ಬಂದಾಗ ಅವ್ವನ ಕೈ ನಿಧಾನವಾಯಿತು. ಬೆಲ್ಲದ ಜಗಳ ಬಂದಾಗ ನಕ್ಕಳು. ದೇವರ ಕಾರ್ಯ ಬಂತು, ಹಗೇವು ತೆರೆದರು, ‘ಮೋತ್ಯಾ ಬೊಗಳಿದ’ ಎಂಬಲ್ಲಿಗೆ ಬಂದು ನಿಂತೆ.

ಅವ್ವ ಹತ್ತಿಯನ್ನು ಕೆಳಗಿಟ್ಟಳು. ಎರಡೂ ಕೈ ನೆಲಕ್ಕೂರಿ ಏಳಲು ನೋಡಿದಳು.

“ಅವ್ವಾ, ಬ್ಯಾಡ, ಕುಂದ್ರ. ಇದು ಪುಸ್ತಕದಾಗಿನ ನಾಯಿ.”

ಕುಂದ್ರ ಎಂಬ ಮಾತು ನನ್ನ ಬಾಯಿಂದ ಹೊರಬಿದ್ದ ಮೇಲೆ ಅದು ಆಯಿಯ ಮಾತೆಂದು ಹೊಳೆಯಿತು. ಅವ್ವ ಕೂಡಲಿಲ್ಲ. ಗೋಡೆ ಹಿಡಿದು ಎದ್ದೇ ನಿಂತಳು.

“ಗೊತ್ತೈತಿ. ಮುಂದ ಓದು. ಯಾರರ ಎದ್ರೇನು?”

“ಮುಂದ ಬರದಿಲ್ಲವ್ವಾ.”

“ಯಾಕ?”

“ಏನ್ ಬರೀಲಿ? ಖರೇ ಬರದ್ರ ಸಣ್ಣ ಹುಡುಗರು ಓದೂದು ಹೆಂಗ? ಸುಳ್ಳ ಬರದ್ರ…”

“ಸುಳ್ಳ ಯಾಕಾಗತೈತಿ?” ಅವ್ವನ ದನಿಯಲ್ಲಿ ಸಿಟ್ಟಿತ್ತು. “ನಾ ಅರ್ಧ ಎದ್ದಿದ್ನಿ. ಉಳಿದ ಅರ್ಧ ನೀ ಬರಿ. ನಿನಗ ಅಕ್ಷರ ಕಲಿಸಿದ್ದು ಮತ್ಯಾಕ?”

ನಾನು ಪೆನ್ನು ತೆಗೆದುಕೊಂಡೆ. ಅವ್ವ ನನ್ನ ಭುಜಕ್ಕೆ ಆತುಕೊಂಡು ಹಾಳೆಯನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬಾರದು. ಒಂದು ಸಾಲು ಬರೆದೆ. ಅದರ ಮೇಲೆ ಬೆರಳಿಟ್ಟು ಕೇಳಿದಳು.

“ಇಲ್ಲೆ ಎದ್ಲೇನು ಆಕಿ ಅವ್ವ?”

“ಎದ್ಲು.”

“ದೋಣಿ?”

“ಚೆಲ್ಲಿತು. ಹಾಲೆಲ್ಲ ಹರೀತು.”

“ಹರೀಲಿ. ದೇವರಿಗೆ ಹಾಲ ಕಡಿಮಿಲ್ಲ. ಓಡಿದ್ಲೇನು?”

“ಓಡಿದ್ಲು. ಚಾಪಿ ಮ್ಯಾಲೆ ಕಾಲಿಡಾಕತ್ತಿತ್ತು ಕೂಸು. ಪರಕಾರ ಹಿಡದ ಜಗ್ಗಿದ್ಲು.”

ಅವ್ವನ ಕೈ ನನ್ನ ಭುಜದ ಮೇಲೆ ಭಾರವಾಯಿತು. ಮೆಲ್ಲಗೆ ಮತ್ತೆ ಬಿಸಿಲಿಗೆ ಹೋಗಿ ಕುಳಿತಳು, ಹತ್ತಿ ಎತ್ತಿಕೊಂಡಳು.

“ಪುಟ್ಟಿ ಅನ್ನೂದ ಹೊಡದ ಹಾಕು” ಎಂದಳು. “ನೀಲವ್ವ ಅಂತ ಬರಿ.”